ರಕ್ತನಾಳ ಹೊಲಿದ ಅಲೆಕ್ಸಿ ಕ್ಯಾರೆಲ್

1894ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಅವರನ್ನು ಹಂತಕನೊಬ್ಬ ಇರಿದನು. ತುಂಡಾದ ದೊಡ್ಡ ರಕ್ತನಾಳವನ್ನು ಜೋಡಿಸುವ ವಿದ್ಯೆ ಅಂದಿನ ವೈದ್ಯರಿಗೆ ಕೈಗೂಡಿರಲಿಲ್ಲ, ಅಧ್ಯಕ್ಷರು ಅಸುನೀಗಿದರು. ಅದೇ ನಗರದಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿ ಕ್ಯಾರೆಲ್ (ಜನನ 1873) ಅವರನ್ನು ಈ ಸಾವು ಬಹಳ ಕಾಡಿತು.

ಅವರು ಹೊಲಿಗೆ ಕಲಿತದ್ದು ಕಸೂತಿಯಲ್ಲಿ ನುರಿತ ಮಹಿಳೆಯೊಬ್ಬರಿಂದ ಎಂಬುದು ನಮಗೆ ಬಲು ಮೆಚ್ಚುಗೆಯ ಸಂಗತಿ. ನಾಳದ ದುಂಡನೆಯ ಬಾಯಿಯನ್ನು ಮೂರು ಕಡೆ ದಾರ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ನೇರವಾದ ಅಂಚುಗಳನ್ನು ಹೊಲಿಯುವುದು ಸುಲಭ. ಸಣ್ಣ ಸೂಜಿ, ವ್ಯಾಸಲೀನ್ ಸವರಿದ ರೇಷ್ಮೆ ದಾರ, ಇಷ್ಟೇ ಸಲಕರಣೆ. 1902ರಲ್ಲಿ ಪ್ರಕಟವಾದ ಈ ವಿಧಾನ, ಮುಂದೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದಾಗ 1912ರ ನೊಬೆಲ್ ಪ್ರಶಸ್ತಿಯನ್ನು ತಂದಿತು. ಅಂಗಗಳ ಕಸಿಗೆ ಬುನಾದಿ ಬಿದ್ದದ್ದು ಹೀಗೆ.

1935ರಲ್ಲಿ ವಿಮಾನಯಾನಿ ಲಿಂಡ್‌ಬರ್ಗ್ ನಿರ್ಮಿಸಿದ ಗಾಜಿನ ಪಂಪಿನಲ್ಲಿ ಬೆಕ್ಕಿನ ಥೈರಾಯ್ಡ್ ಗ್ರಂಥಿಯನ್ನು ದೇಹದ ಹೊರಗೆ ಜೀವಂತವಾಗಿರಿಸಿದರು. ಗ್ರಂಥಿಗೆ ತನ್ನದೇ ನಾಳಗಳ ಜಾಲವಿತ್ತು. ಇಂದು ಪ್ರಯೋಗಾಲಯದಲ್ಲಿ ಅಂಗಾಂಶ ಬೆಳೆಸುವವರಿಗೆ ಅದೇ ಕೊರತೆ: ಲೋಮನಾಳದಿಂದ ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲಿಗಿಂತ ದೂರವಿದ್ದರೆ ಜೀವಕೋಶಗಳು ಆಮ್ಲಜನಕವಿಲ್ಲದೆ ಸೊರಗುತ್ತವೆ. ಕ್ಯಾರೆಲ್ಲರ ಸೂಜಿಗೂ ಎಟುಕದ ಆ ನಾಳಗಳನ್ನು ಹೊಲಿಯಲಾಗದು. ನಾಳದ ಒಳಪದರದ ಜೀವಕೋಶಗಳನ್ನು ಬಿತ್ತಿ ಬೆಳೆಸಬೇಕು.

ಇನ್ನೊಂದು ಮಾತನ್ನು ಮುಚ್ಚಿಡಲು ನಮಗೆ ಮನಸ್ಸಿಲ್ಲ. ಘೋರ ಅಪರಾಧಿಗಳನ್ನು ಅನಿಲದಿಂದ ಕೊಲ್ಲಬೇಕೆಂದು ಇದೇ ಕ್ಯಾರೆಲ್ 1935ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಯುದ್ಧಕಾಲದಲ್ಲಿ ವಿಷಿ ಸರ್ಕಾರದ ಆಶ್ರಯದಲ್ಲಿ ಸಂಸ್ಥೆಯೊಂದನ್ನು ನಡೆಸಿ, 1944ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಲಿಯಾನಿನ ವೈದ್ಯಕೀಯ ವಿದ್ಯಾಲಯವೊಂದಕ್ಕಿದ್ದ ಅವರ ಹೆಸರನ್ನು 1996ರಲ್ಲಿ ತೆಗೆದುಹಾಕಲಾಯಿತು.