ಮರದ ಸಾರವನ್ನು ಅರಸಿದ ಸೈಮನ್ಸನ್

ಮರವೆಂದರೆ ನಮಗೆ ಸೌದೆ, ತೊಲೆ, ಬಾಗಿಲು. ರಸಾಯನ ಶಾಸ್ತ್ರಜ್ಞನಿಗೆ ಅದು ಸೆಲ್ಯುಲೋಸ್, ಲಿಗ್ನಿನ್ ಮುಂತಾದ ದ್ರವ್ಯಗಳಿಂದಾದ ಒಂದು ಕಟ್ಟಡ. ಆದರೆ ಶ್ರೀಗಂಧದ ಕಂಪು, ರಕ್ತಚಂದನದ ಕೆಂಪು, ಪೈನ್ ಮರದ ಅಂಟು ಇವು ಆ ದ್ರವ್ಯಗಳಿಂದ ಬಂದವಲ್ಲ. ಆವಿಯಿಂದಲೋ ಮದ್ಯಸಾರದಿಂದಲೋ ಮರದಿಂದ ಹೊರತೆಗೆಯಬಹುದಾದ ಬೇರೆ ಸಾರವಸ್ತುಗಳೇ ಅವಕ್ಕೆ ಕಾರಣ. ನಮ್ಮ ದೇಶದ ಮರಗಳ ಇಂಥ ಸಾರವನ್ನು ಶೋಧಿಸಿ ಕೀರ್ತಿ ಪಡೆದವರಲ್ಲಿ ಸರ್ ಜಾನ್ ಲಯೊನೆಲ್ ಸೈಮನ್ಸನ್ ಪ್ರಮುಖರು.

ಅವರು ಜನಿಸಿದ್ದು ೧೮೮೪ರಲ್ಲಿ, ಮ್ಯಾಂಚೆಸ್ಟರಿನಲ್ಲಿ; ಡೆನ್ಮಾರ್ಕ್ ಮೂಲದ ಮನೆತನ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಕಿರಿಯ ಪರ್ಕಿನ್ನರ ಶಿಷ್ಯರಾಗಿದ್ದು, ೧೯೧೦ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಆಗ ಭಾರತದ ವಿಜ್ಞಾನಿಗಳು ಅಲ್ಲೊಬ್ಬರು ಇಲ್ಲೊಬ್ಬರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಲಖನೌದ ಮ್ಯಾಕ್‌ಮಹಾನರೊಡಗೂಡಿ ಸೈಮನ್ಸನ್ನರು ಹುಟ್ಟುಹಾಕಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸು ೧೯೧೪ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ, ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಮೊದಲು ಸೇರಿತು. ೧೯೧೭ರ ಅಧಿವೇಶನ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಇಂದು ಅವರನ್ನು ನೆನೆಯುವವರು ಬಹುಮಟ್ಟಿಗೆ ಇದಕ್ಕಾಗಿಯೇ ನೆನೆಯುತ್ತಾರೆ. ಅವರ ನಿಜವಾದ ಸಾಹಸ ಮುಂದಿನದು ಎಂದು ನನ್ನ ಎಣಿಕೆ.

೧೯೧೯ರಲ್ಲಿ ಅವರು ಡೆಹರಾಡೂನಿನ ಅರಣ್ಯ ಸಂಶೋಧನಾಲಯವನ್ನು ಸೇರಿದರು. ಹಿಮಾಲಯದ ತಪ್ಪಲಿನಲ್ಲಿ ಚೀರ್ ಪೈನ್ ಎಂಬ ಮರ ಹೇರಳ. ಸಂಸ್ಕೃತದಲ್ಲಿ ಇದೇ ಸರಲ. ಸಸ್ಯಶಾಸ್ತ್ರಜ್ಞರು ಆಗ ಇಟ್ಟಿದ್ದ ಹೆಸರು ಪೈನಸ್ ಲಾಂಗಿಫೋಲಿಯ, ಎಂದರೆ ನೀಳೆಲೆಯ ಪೈನ್. ಕಾಂಡವನ್ನು ಕೆತ್ತಿದರೆ ಅಂಟು ಒಸರುತ್ತದೆ. ಅದನ್ನು ಬಟ್ಟಿ ಇಳಿಸಿದರೆ ಟರ್ಪೆಂಟೈನ್ ತೈಲ ಹೊರಬಂದು ರಾಳ ಉಳಿಯುತ್ತದೆ. ಪಶ್ಚಿಮದ ಟರ್ಪೆಂಟೈನಿನಲ್ಲಿ ಹೆಚ್ಚಿನ ಭಾಗ ಪಿನೀನ್. ಕೃತಕ ಕರ್ಪೂರಕ್ಕೆ ಅದೇ ಮೂಲ. ನಮ್ಮ ತೈಲದಲ್ಲಿಯಾದರೋ ಪಿನೀನ್ ಕಡಿಮೆ. ಹಾಗಾದರೆ ಅದರಲ್ಲಿರುವುದೇನು? ಕಾಡಿನ ಉತ್ಪನ್ನಕ್ಕೆ ಬೆಲೆ ಕಟ್ಟಬೇಕಾದವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

೧೯೨೦ರಲ್ಲಿ ಅವರು ಉತ್ತರವನ್ನು ಪ್ರಕಟಿಸಿದರು. ಅದರ ಮುಖ್ಯಾಂಶ ಕ್ಯಾರೀನ್ ಎಂಬ ಬೇರೊಂದು ಟರ್ಪೀನ್. ಪಿನೀನಿನಂತೆ ಅದರಲ್ಲಿಯೂ ೧೦ ಇಂಗಾಲ, ೧೬ ಜಲಜನಕ ಪರಮಾಣುಗಳು. ಕಟ್ಟಣೆ ಮಾತ್ರ ಬೇರೆ. ಆರು ಇಂಗಾಲಗಳ ಬಳೆಗೆ ಮೂರರ ಪುಟ್ಟ ಬಳೆಯೊಂದು ಹೊಂದಿಕೊಂಡಿದೆ. ಇದರ ಜೊತೆಗೆ ದೊರೆತ, ೧೫ ಇಂಗಾಲಗಳ ಮತ್ತೊಂದು ವಸ್ತುವಿಗೆ ಮರದ ಹೆಸರನ್ನೇ ಹಿಡಿದು ಲಾಂಗಿಫೋಲೀನ್ ಎಂದು ಹೆಸರಾಯಿತು. ಅಣುವನ್ನು ಒಡೆದು, ಚೂರುಗಳನ್ನು ಗುರುತಿಸಿ, ಬಿದ್ದ ಇಟ್ಟಿಗೆಗಳಿಂದ ಮನೆಯ ನಕ್ಷೆಯನ್ನು ಊಹಿಸುವುದು ಆ ಕಾಲದ ಕ್ರಮ. ಲಾಂಗಿಫೋಲೀನ್ ಈ ಕ್ರಮಕ್ಕೆ ಸುಲಭವಾಗಿ ಬಗ್ಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, ೧೯೫೩ರಲ್ಲಿ, ಅದರ ಹೈಡ್ರೋಕ್ಲೋರೈಡ್ ಹರಳಿನ ಮೇಲೆ ಕ್ಷ-ಕಿರಣ ಹಾಯಿಸಿದ ಇತರರು ಅದರ ಸ್ವರೂಪವನ್ನು ಕಂಡರು. ಸೈಮನ್ಸನ್ನರಿಗೆ ಆಗ ೬೯ ವರ್ಷ.

ನಡುವೆ, ೧೯೨೫ರಿಂದ ೧೯೨೮ರವರೆಗೆ, ಅವರು ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ಹೆಸರಿಟ್ಟ ಲಾಂಗಿಫೋಲೀನನ್ನು ಮುಂದೆ ಅದೇ ಸಂಸ್ಥೆಯ ಸುಖದೇವ್ ಅವರು ಕೈಗೆತ್ತಿಕೊಂಡದ್ದು ನಮಗೆ ಅಭಿಮಾನದ ವಿಷಯ. ೧೯೨೮ರಲ್ಲಿ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿ ಬಂದಿತು; ಆ ವರ್ಷವೇ ಸ್ವದೇಶಕ್ಕೆ ಮರಳಿದರು. ವೇಲ್ಸಿನ ಬ್ಯಾಂಗರಿನಲ್ಲಿ ಅಧ್ಯಾಪನ, ೧೯೩೨ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ೧೯೪೯ರಲ್ಲಿ ಸರ್ ಪದವಿ, ಮರುವರ್ಷ ಡೇವಿ ಪದಕ.

ಟರ್ಪೀನುಗಳನ್ನು ಕುರಿತ ಅವರ ಗ್ರಂಥ ಮೊದಲು ಬಂದಾಗ ಎರಡೇ ಸಂಪುಟ. ಪರಿಷ್ಕರಿಸುತ್ತ ಹೋದಂತೆ ಅದು ಐದಕ್ಕೆ ಬೆಳೆಯಿತು. ಕೊನೆಯ ಎರಡು ಸಂಪುಟಗಳಿಗೆ ೧೯೫೭ ಎಂಬ ವರ್ಷವಿದೆ. ಅದೇ ವರ್ಷದ ಫೆಬ್ರವರಿ ೨೦ರಂದು ಅವರು ತೀರಿಕೊಂಡರು.