ನಿಕೊಲಾಯ್ ಮೆಟ್ನರ್ (1880-1951): ಮೈಸೂರು ಮಹಾರಾಜರ ಆಶ್ರಯ ಪಡೆದ ರಷ್ಯಾದ ಸ್ವರಸಂಯೋಜಕರು

ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ನಾಡಿಗೆ ಪರಿಚಿತರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿಯೂ ಪರಿಣತಿ ಹೊಂದಿದ್ದ ಅವರು, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಖ್ಯಾತ ಸ್ವರಸಂಯೋಜಕರೂ ಪಿಯಾನೋ ವಾದಕರೂ ಆದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವು ನೀಡಿದರು. ಮೆಟ್ನರ್ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ಮೆಟ್ನರ್ ಅವರು 1880ರ ಜನವರಿ 5ರಂದು ಮಾಸ್ಕೋ ನಗರದಲ್ಲಿ ಜನಿಸಿದರು. ತಾಯಿಯೇ ಅವರ ಮೊದಲ ಸಂಗೀತ ಗುರು. ಹನ್ನೆರಡನೆಯ ವಯಸ್ಸಿನಲ್ಲಿ ಮಾಸ್ಕೋ ಸಂಗೀತ ವಿದ್ಯಾಲಯವನ್ನು ಸೇರಿ, 1900ರಲ್ಲಿ ವ್ಯಾಸಂಗ ಪೂರ್ಣಗೊಳಿಸಿದರು. ಪಿಯಾನೋ ವಾದಕರಾಗಿ ಕೀರ್ತಿ ಮತ್ತು ಹಣ ಗಳಿಸುವ ಅವಕಾಶವಿದ್ದರೂ ಅದನ್ನು ಬದಿಗಿರಿಸಿ, ಸ್ವರಸಂಯೋಜನೆಯನ್ನೇ ಬದುಕಿನ ಕಾಯಕವನ್ನಾಗಿ ಆರಿಸಿಕೊಂಡರು. ಈ ನಿರ್ಧಾರದಲ್ಲಿ ಅವರಿಗೆ ಬೆಂಬಲವಾಗಿ ನಿಂತವರು ಹಿರಿಯ ಸಹೋದರ ಎಮಿಲ್.

ಅನುರಾಗ ಮತ್ತು ಸಂಯಮ

ಪಿಟೀಲು ವಾದಕಿಯಾಗಿದ್ದ ಅನ್ನಾ ಬ್ರಾತೆನ್ಸ್ಕಾಯಾ ಅವರು 1902ರಲ್ಲಿ ಎಮಿಲ್ ಅವರನ್ನು ವಿವಾಹವಾದರು. ಆದರೆ ಅನ್ನಾ ಮತ್ತು ನಿಕೊಲಾಯ್ ಅವರ ನಡುವೆ ಗಾಢವಾದ ಅನುರಾಗವಿತ್ತು. ಇದನ್ನು ಅರಿತ ಎಮಿಲ್ ಅವರು ತಮ್ಮನನ್ನು ದ್ವೇಷಿಸಲಿಲ್ಲ; ನಿಕೊಲಾಯ್ ಅವರೂ ಅಣ್ಣನನ್ನು ತೊರೆಯಲಿಲ್ಲ. ಮೂವರ ಬಾಳಿನಲ್ಲಿಯೂ ಈ ನೋವು ಅನೇಕ ವರ್ಷ ಉಳಿಯಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಎಮಿಲ್ ಅವರು ಜರ್ಮನಿಯಲ್ಲಿ ಸಿಲುಕಿ ಬಂಧನಕ್ಕೊಳಗಾದರು. ಅನ್ನಾ ಅವರು ತಮ್ಮನನ್ನು ವರಿಸಲು ಅವರೇ ಸಮ್ಮತಿ ನೀಡಿದರು. ತಾಯಿಯ ಮರಣಾನಂತರ, ರಷ್ಯಾದ ಕ್ರಾಂತಿಯ ಸಂಕಷ್ಟದ ದಿನಗಳಲ್ಲಿ ನಿಕೊಲಾಯ್ ಮತ್ತು ಅನ್ನಾ ಅವರ ವಿವಾಹ ನೆರವೇರಿತು.

ಮರೆತ ರಾಗಗಳು

ಮನಸ್ಸಿಗೆ ಹೊಳೆದ ಸ್ವರಮಾಲೆಗಳನ್ನು ಪುಸ್ತಕಗಳಲ್ಲಿ ಬರೆದಿಡುವುದು ಮೆಟ್ನರ್ ಅವರ ರೂಢಿಯಾಗಿತ್ತು. ವಿವಾಹದ ಆಸುಪಾಸಿನ ವರ್ಷಗಳಲ್ಲಿ ಆ ಹಳೆಯ ಸಂಗ್ರಹದಿಂದ ಆಯ್ದ ಸ್ವರಗಳನ್ನು ಬೆಳೆಸಿ, 'ಮರೆತ ರಾಗಗಳು' ಎಂಬ ಅರ್ಥದ ಹೆಸರಿನಲ್ಲಿ ಪಿಯಾನೋ ಕೃತಿಗಳ ಮೂರು ಗುಚ್ಛಗಳನ್ನು ರಚಿಸಿದರು. ಮೊದಲನೆಯ ಗುಚ್ಛವು 'ಸ್ಮರಣೆ' ಎಂಬ ಅರ್ಥದ ಸೊನಾಟಾದಿಂದ ಆರಂಭವಾಗುತ್ತದೆ. ಅದರ ಶಾಂತವಾದ ಆರಂಭದ ಸ್ವರಗಳು ನಡುವಿನ ತುಮುಲವನ್ನು ದಾಟಿ, ಕೊನೆಯಲ್ಲಿ ಮತ್ತೆ ಕೇಳಿಬರುತ್ತವೆ. ಅದೇ ಗುಚ್ಛದ ಕೊನೆಯ ರಚನೆಯಲ್ಲಿಯೂ ಆ ಸ್ವರಗಳು ಮರಳುತ್ತವೆ. ಇಲ್ಲಿನ ವಿಷಾದದಲ್ಲಿ ಆಕ್ರಂದನವಿಲ್ಲ. ದೀರ್ಘಕಾಲ ಕಾದವರ ಸಂಯಮವಿದೆ. 14 ಪಿಯಾನೋ ಸೊನಾಟಾಗಳು, ವಾದ್ಯವೃಂದದೊಡನೆ ನುಡಿಸುವ 3 ಪಿಯಾನೋ ಕಾನ್ಸರ್ಟೊಗಳು ಹಾಗೂ ನೂರಕ್ಕೂ ಹೆಚ್ಚು ಗೀತೆಗಳು ಅವರ ಒಟ್ಟು ರಚನೆಗಳಲ್ಲಿ ಸೇರಿವೆ.

ವಲಸೆಯ ಬದುಕು

1921ರಲ್ಲಿ ಮೆಟ್ನರ್ ದಂಪತಿಗಳು ರಷ್ಯಾವನ್ನು ಬಿಟ್ಟು ಹೊರಟರು. ಜರ್ಮನಿ ಮತ್ತು ಫ್ರಾನ್ಸ್ ದೇಶಗಳಲ್ಲಿ ಕೆಲಕಾಲ ವಾಸವಿದ್ದು, 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಹೊಸ ಶೈಲಿಯ ಸಂಗೀತಕ್ಕೆ ಮನ್ನಣೆ ದೊರೆಯುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಮಾರ್ಗವನ್ನು ಬದಲಿಸಲಿಲ್ಲ. ಕಷ್ಟಕಾಲದಲ್ಲಿ ಆಪ್ತ ಮಿತ್ರರಾದ ಸ್ವರಸಂಯೋಜಕ ರಖ್ಮಾನಿನೊವ್ ಅವರು ನೆರವಾದರು. 1936ರಲ್ಲಿ ಎಮಿಲ್ ಅವರು ನಿಧನರಾದರು. ಪಿಟೀಲು ಮತ್ತು ಪಿಯಾನೋಗಾಗಿ ರಚಿಸಿದ ತಮ್ಮ ಮೂರನೆಯ ಸೊನಾಟಾವನ್ನು ಮೆಟ್ನರ್ ಅವರು ಅಣ್ಣನ ನೆನಪಿಗೆ ಅರ್ಪಿಸಿದರು. ಅನ್ನಾ ಅವರ ವಾದ್ಯವೂ ಪಿಟೀಲೇ ಎಂಬುದು ಇಲ್ಲಿ ಸ್ಮರಣೀಯ.

ಮೈಸೂರಿನ ನೆರವು

ಎರಡನೆಯ ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತುಹೋಯಿತು. 1942ರಲ್ಲಿ ಮೆಟ್ನರ್ ಅವರಿಗೆ ಹೃದಯಾಘಾತವೂ ಆಯಿತು. ಆದರೂ ಮೂರನೆಯ ಕಾನ್ಸರ್ಟೊವನ್ನು ಪೂರ್ಣಗೊಳಿಸಿ, 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು. ಯುದ್ಧಾನಂತರ ಮೈಸೂರು ಮಹಾರಾಜರು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದರು. ಕ್ಷೀಣಿಸುತ್ತಿದ್ದ ಆರೋಗ್ಯವನ್ನು ಲೆಕ್ಕಿಸದೆ ಮೆಟ್ನರ್ ಅವರು ಮೂರೂ ಕಾನ್ಸರ್ಟೊಗಳನ್ನು, ಕೆಲವು ಸೊನಾಟಾ ಮತ್ತು ಗೀತೆಗಳನ್ನು ಧ್ವನಿಮುದ್ರಿಸಿದರು. ಕೃತಜ್ಞತೆಯ ದ್ಯೋತಕವಾಗಿ ಮೂರನೆಯ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಈ ನೆರವು ದೊರೆಯದಿದ್ದಲ್ಲಿ, ತಮ್ಮ ಕಾನ್ಸರ್ಟೊಗಳನ್ನು ಅವರು ಹೇಗೆ ನುಡಿಸುತ್ತಿದ್ದರು ಎಂಬುದನ್ನು ಮುಂದಿನ ತಲೆಮಾರುಗಳು ಕೇಳಿ ತಿಳಿಯುವುದು ಸಾಧ್ಯವಾಗುತ್ತಿರಲಿಲ್ಲ.

ನಿಧನ ಮತ್ತು ನಂತರ

ಮೆಟ್ನರ್ ಅವರು 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ನಿಧನರಾದರು. ಅಲ್ಲಿನ ಹೆಂಡನ್ ಸ್ಮಶಾನದಲ್ಲಿ ಸಹೋದರ ಎಮಿಲ್ ಅವರ ಸಮಾಧಿಯ ಬಳಿಯಲ್ಲಿಯೇ ಅವರ ಸಮಾಧಿಯೂ ಇದೆ. ಅನ್ನಾ ಅವರು 1958ರಲ್ಲಿ ಪತಿಯ ಹಸ್ತಪ್ರತಿಗಳೊಂದಿಗೆ ರಷ್ಯಾಕ್ಕೆ ಮರಳಿದರು. ಮಾಸ್ಕೋದಲ್ಲಿ ಮೆಟ್ನರ್ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಪ್ರಕಟವಾದವು. ಅನ್ನಾ ಅವರು 1965ರಲ್ಲಿ ನಿಧನರಾದರು. ತಾಯ್ನಾಡಿಗೆ ಮರಳಿ ನೆಲೆಸುವ ಭಾಗ್ಯ ಮೆಟ್ನರ್ ಅವರಿಗೆ ದೊರೆಯಲಿಲ್ಲ. ಅವರ ಸಂಗೀತವನ್ನು ಅಲ್ಲಿಗೆ ತಲುಪಿಸುವ ಕಾರ್ಯವನ್ನು ಅನ್ನಾ ಅವರು ನೆರವೇರಿಸಿದರು.