ಮೆಕಾಲೆಯ ಮನೆತನ ನಡೆದ ದಾರಿ

ಮೆಕಾಲೆ ಹೆಸರು ತೆಗೆದರೆ ನಮ್ಮ ಕಡೆ ಎರಡೇ ಮಾತು. ಇಂಗ್ಲಿಷ್ ತಂದವನು, ಇಲ್ಲಾ 420ರ ಕಾನೂನು ಬರೆದವನು. ಅವನ ವಂಶದ ಮಾತು ಯಾವುದಿತ್ತು ಅಂತ ಯಾರೂ ಕೇಳೋದಿಲ್ಲ. ಮನೇಲಿ ತೆಲುಗು, ಸಂತೇಲಿ ಕನ್ನಡ ಆಡಿ ಬೆಳೆದ ನನಗೆ ಮೊದಲು ಬಂದ ಪ್ರಶ್ನೆಯೇ ಅದು.

ಸ್ಕಾಟ್ಲೆಂಡಿನ ಪಶ್ಚಿಮದ ಕಡಲಲ್ಲಿ ಹೆಬ್ರಿಡೀಸ್ ದ್ವೀಪಗಳಿವೆ. ಮುತ್ತಾತ ಆಲೆ ಮೆಕಾಲೆ ಅಲ್ಲಿ ಹ್ಯಾರಿಸ್ ದ್ವೀಪದ ಪಾದ್ರಿ. ಆ ಜನರ ಮಾತು ಗೇಲಿಕ್. ಅದಕ್ಕೂ ಇಂಗ್ಲಿಷಿಗೂ ನಮ್ಮ ಕನ್ನಡ-ತೆಲುಗಿನಷ್ಟು ಹತ್ತಿರದ ನಂಟಿಲ್ಲ. ತಾತ ಜಾನ್ ದ್ವೀಪ ಬಿಟ್ಟು ಇನ್ವರೇರಿಗೆ ಬಂದ, ಆಮೇಲೆ ಇನ್ನೂ ದಕ್ಷಿಣಕ್ಕೆ, ಕಾರ್ಡ್ರಾಸಿಗೆ. ಅವನೂ ಪಾದ್ರಿಯೇ.

ತಂದೆ ಜಕಾರಿ ಹುಟ್ಟಿದ್ದು ಇನ್ವರೇರಿಯಲ್ಲಿ, 1768ರಲ್ಲಿ. ಹದಿನಾರಕ್ಕೇ ಜಮೈಕಾದ ತೋಟವೊಂದರ ಲೆಕ್ಕ ಬರೆಯಲು ಹೋದ. ಗುಲಾಮರ ಪಾಡು ಕಣ್ಣಾರೆ ಕಂಡು ಬಂದವನು ಉಳಿದ ಆಯುಷ್ಯವನ್ನೆಲ್ಲ ಆ ಪದ್ಧತಿ ತೊಲಗಿಸಲು ಸವೆಸಿದ. ಮಗನಿಗಿಂತ ಅಪ್ಪನೇ ದೊಡ್ಡವನು ಅಂತ ನನಗನ್ನಿಸುತ್ತೆ.

ಇಂಗ್ಲೆಂಡಿಗೆ ಬಾಗಿಲು ತೆರೆದದ್ದು ಬೀಗತನ. ಜಕಾರಿಯ ಸೋದರಿ ಜೀನಳನ್ನು ರಾಥ್ಲಿಯ ಜಮೀನ್ದಾರ ಥಾಮಸ್ ಬ್ಯಾಬಿಂಗ್ಟನ್ನನಿಗೆ ಕೊಟ್ಟಿತ್ತು. 1800ರ ಅಕ್ಟೋಬರ್ 25ರಂದು ಅವರ ಮನೆಯಲ್ಲೇ ಹುಟ್ಟಿದ ಮಗುವಿಗೆ ಆ ಮಾವನ ಹೆಸರನ್ನೇ ಇಟ್ಟರು. ಬೆಳೆದದ್ದು ಲಂಡನ್ನಿನ ಮಗ್ಗುಲ ಕ್ಲಾಪಮ್‌ನಲ್ಲಿ. ತಾಯಿ ಬ್ರಿಸ್ಟಲ್ ಕಡೆಯವಳು. ಮನೆಮಾತು ಇಂಗ್ಲಿಷ್ ಆಗಿಹೋಯಿತು.

1834ರ ಜೂನ್‌ನಲ್ಲಿ ಮದರಾಸಿಗೆ ಇಳಿದ ಮೆಕಾಲೆ ಪಲ್ಲಕ್ಕಿ ಹತ್ತಿ ಬೆಂಗಳೂರು, ಮೈಸೂರು ದಾಟಿ ಊಟಿಗೆ ಹೋದ. ಗವರ್ನರ್ ಜನರಲ್ ಬೆಂಟಿಂಕ್ ಅಲ್ಲಿದ್ದರು. ದಾರಿಯಲ್ಲಿ ಶ್ರೀರಂಗಪಟ್ಟಣ ನೋಡಿದ. ಅವನ ದೊಡ್ಡಪ್ಪ ಕಾಲಿನ್ ಹೈದರನ ಕಾಲದಲ್ಲಿ ಅಲ್ಲಿಯ ಸೆರೆಯಲ್ಲಿದ್ದವನು.

1835ರ ಫೆಬ್ರವರಿ 2ರ ಟಿಪ್ಪಣಿಯಲ್ಲಿ ಸಂಸ್ಕೃತ, ಅರಬ್ಬಿ ತನಗೆ ಬಾರದೆಂದು ಒಪ್ಪಿಕೊಂಡೇ, ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೆ ಹೋಗಲಿ ಅಂದ. ನಮ್ಮಂಥವರ ದೇಶಭಾಷೆಗಳು ಬಡವಾಗಿವೆ ಅಂದ. ಇಂಗ್ಲಿಷ್ ಕಲಿತವರೇ ಮುಂದೆ ಅವನ್ನು ಬೆಳೆಸಲಿ ಅಂತಲೂ ಬರೆದ. ಮೊದಲಿನದು ಊರಿಗೆಲ್ಲ ಗೊತ್ತು, ಎರಡನೆಯದನ್ನು ಬೈಯುವವರೂ ಹೇಳೋದಿಲ್ಲ, ಹೊಗಳುವವರೂ ಹೇಳೋದಿಲ್ಲ. ನಾಲ್ಕು ಮಾತು ಗೊತ್ತಿದ್ದ ಕೂಲಿಯವನನ್ನು ಬಡವ ಅನ್ನುವ ಮೊದಲು ಅವನ ಮಾತು ಕೇಳಬೇಕಿತ್ತು, ಅದು ಬೇರೆ.

1837ಕ್ಕೆ ಅವನು ಸಿದ್ಧಪಡಿಸಿದ ದಂಡಸಂಹಿತೆ 1860ರಲ್ಲಿ ಕಾಯ್ದೆಯಾಗಿ, 2024ರ ಜೂನ್ ಕೊನೆಯವರೆಗೆ ನಮ್ಮ ಕೋರ್ಟುಗಳಲ್ಲಿ ನಡೆಯಿತು.

1857ರಲ್ಲಿ ಬ್ಯಾರನ್ ಪದವಿ ಬಂದಾಗ ಅವನ ಹೆಸರಿಗೆ ಸೇರಿದ ಊರು ರಾಥ್ಲಿ, ಹೆಬ್ರಿಡೀಸಿನದಲ್ಲ. ಮದುವೆಯಾಗಲಿಲ್ಲ. 1859ರ ಡಿಸೆಂಬರ್ 28ರಂದು ತೀರಿಕೊಂಡ. ಮಣ್ಣು ಮಾಡಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ.